ನಾಲ್ಕು ಸಾಲು ಹೊಲಿಗೆ

ತಿಂಗಳ ಕೊನೆಯ ದಿನ ಸಂಜೆ ಐದಕ್ಕೆ ಅಂಗಡಿಯ ಬೀಗದ ಕೈ ಒಪ್ಪಿಸುತ್ತೇನೆ ಎಂದು ಟೈಲರ್ ಮಾಸ್ಟರು ಹೇಳಿದಾಗ ಕಟ್ಟಡದ ಮಾಲೀಕನಿಗೆ ಮೊದಲು ನಂಬಿಕೆಯೇ ಬರಲಿಲ್ಲ. "ಯಾಕೆ ಮಾಸ್ಟ್ರೇ, ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಕೇಳಿದ. ಯಾರೂ ಏನೂ ಅಂದಿರಲಿಲ್ಲ. "ಮತ್ತೆ, ಕೈಗೇನಾದ್ರೂ ಆಯ್ತಾ?" ಅದೂ ಇಲ್ಲ. "ಸಾಕಾಯ್ತು," ಎಂದರು ಮಾಸ್ಟರು. ಇಪ್ಪತ್ತೆಂಟು ವರ್ಷ ಒಂದೇ ಕುರ್ಚಿಯಲ್ಲಿ ಕೂತವರಿಗೆ ಸಾಕಾಗದೆ ಇನ್ನೇನಾದೀತು ಎಂದು ಮಾಲೀಕನೂ ತಲೆಯಾಡಿಸಿದ. ಎರಡು ದಿನ ಕಳೆಯುವುದರೊಳಗೆ ಮೊಬೈಲ್ ರಿಪೇರಿಯವನೊಬ್ಬ ಬಂದು, ಮೆಶಿನ್ ಇದ್ದ ಜಾಗದಲ್ಲಿ ಗಾಜಿನ ಪೆಟ್ಟಿಗೆ ಎಲ್ಲಿ ಇಡಬಹುದು ಎಂದು ಅಳತೆ ನೋಡಿಕೊಂಡು ಹೋದ. ಟೇಪನ್ನು ಮಾಸ್ಟರೇ ಕೊಟ್ಟರು.

ಮಾಸ್ಟರ ಹೆಂಡತಿಗೆ ಈ ಸುದ್ದಿ ತಿಳಿದದ್ದು ಮಾಲೀಕನ ಬಾಯಿಂದ. ಆಕೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಊರ ಸುದ್ದಿಯೆಲ್ಲ ಅಲ್ಲಿಗೆ ತಾನಾಗಿ ಬರುತ್ತದೆ, ಮನೆಯ ಸುದ್ದಿಯೂ ಹಾಗೇ ಬಂತು. ಅಂದು ಊಟಕ್ಕೆ ಕೂತಾಗ ಕೇಳಿದಳು.

"ಅಂಗಡಿ ಬಿಟ್ಟು ಏನ್ ಮಾಡ್ತೀರಿ?"

"ಮನೇಲಿರ್ತೀನಿ."

"ಮನೇಲಿದ್ದು?"

ಗಂಡ ಮನೆಯಲ್ಲಿ ಇರುವುದು ಹೇಗೆಂದು ಆಕೆ ರಜೆಯ ದಿನಗಳಲ್ಲಿ ನೋಡಿದ್ದಳು. ಬೆಳಗ್ಗೆ ಏಳಕ್ಕೆ ಮಂಚದ ತುದಿಯಲ್ಲಿ ಕೂತು ಒಂದು ಕಾಲಿಗೆ ಸಾಕ್ಸ್ ಹಾಕುತ್ತಿದ್ದರು. ಇನ್ನೊಂದು ಕೈಯಲ್ಲಿರುತ್ತಿತ್ತು. ಹತ್ತು ಗಂಟೆಗೆ ಬಂದು ನೋಡಿದರೆ ಅದು ಕೈಯಲ್ಲೇ ಇರುತ್ತಿತ್ತು. ಕೆಲಸದ ದಿನ ಮಾತ್ರ, ಅಂಗಡಿ ಬಾಗಿಲಲ್ಲಿ ಯಾರಾದರೂ ಕಾಯುತ್ತಿರುತ್ತಾರಲ್ಲ ಎಂಬ ಒಂದೇ ಕಾರಣಕ್ಕೆ, ಎರಡನೇ ಸಾಕ್ಸ್ ಕಾಲಿಗೇರುತ್ತಿತ್ತು. ಆ ಅಂಗಡಿಯೇ ಹೋದರೆ ಇವರು ಮಂಚದಿಂದ ಏಳುವುದೇ ಇಲ್ಲ ಎನ್ನುವುದು ಆಕೆಗೆ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿತ್ತು.

"ಬೀಗದ ಕೈ ಕೊಡೋದಕ್ಕೆ ಮುಂಚೆ ಒಂದ್ಸಲ ಡಾಕ್ಟರ ಹತ್ರ ಹೋಗಿ ಬರೋಣ," ಎಂದಳು. "ಏನೂ ಇಲ್ಲ ಅಂತ ಅವರು ಹೇಳ್ಲಿ, ನಾನೇ ಹೋಗಿ ಬೀಗದ ಕೈ ಕೊಟ್ಟು ಬರ್ತೀನಿ."

"ನನಗೇನಾಗಿದೆ?" ಎಂದರು ಮಾಸ್ಟರು.

ಅದು ಜಗಳಕ್ಕೆ ಕೇಳಿದ ಮಾತಲ್ಲ. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಜ್ವರವಿಲ್ಲ, ನೋವಿಲ್ಲ. ಮನೆಯಲ್ಲಿ ಸಾವಿಲ್ಲ, ಜಗಳವಿಲ್ಲ, ಕೆಲಸಕ್ಕೆ ಕೊರತೆಯಿಲ್ಲ. ಮಗಳು ಹಾಸ್ಟೆಲಿನಲ್ಲಿದ್ದು ಚೆನ್ನಾಗಿ ಓದುತ್ತಿದ್ದಾಳೆ. ಏನಾದರೂ ಆಗಿದ್ದರೆ ತಾನೇ ಏನಾಗಿದೆ ಎಂದು ಹೇಳುವುದು.

ಒಂದು ಕಾಲದಲ್ಲಿ ಇದೇ ಮನುಷ್ಯನನ್ನು ಇಡೀ ರಸ್ತೆ ‘ರೇಡಿಯೋ ಮಾಸ್ಟರು’ ಎಂದು ಕರೆಯುತ್ತಿತ್ತು ಎಂದರೆ ಈಗಿನವರು ನಗುತ್ತಾರೆ. ಶಟರ್ ಎತ್ತಿದ ಗಳಿಗೆಯಿಂದ ಇಳಿಸುವ ತನಕ ಬಾಯಿಗೆ ಬಿಡುವೆಂಬುದಿರಲಿಲ್ಲ. ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಮಾತಾಡುವುದರಲ್ಲಿ ಅವರದು ಎತ್ತಿದ ಕೈ. ಝಿಪ್ ಹಾಕಿಸಲು ಬಂದವರು ಝಿಪ್ ಹಾಕಿ ಆದಮೇಲೂ ಅರ್ಧ ಗಂಟೆ ಕೂತಿರುತ್ತಿದ್ದರು. ಎದುರಿನ ಚಪ್ಪಲಿ ಅಂಗಡಿಯವನಂತೂ ತನ್ನ ಅಂಗಡಿಗೆ ಬೆನ್ನು ಮಾಡಿ, ಇತ್ತ ಮುಖ ಮಾಡಿಯೇ ಕೂರುತ್ತಿದ್ದ. ಅವನ ವ್ಯಾಪಾರ ಕುಸಿಯಲು ನೀನೇ ಕಾರಣ ಎಂದು ಅವನ ಹೆಂಡತಿ ಮಾಸ್ಟರನ್ನು ಬೈದದ್ದೂ ಉಂಟು.

ಆ ರೇಡಿಯೋದಲ್ಲಿ ಎಲ್ಲರಿಗೂ ಇಷ್ಟವಾದ ಕಾರ್ಯಕ್ರಮವೊಂದಿತ್ತು. ಆಲ್ಟರೇಶನ್ನಿಗೆ ಬಂದ ಪ್ಯಾಂಟನ್ನು ಮಾಸ್ಟರು ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹಾಸುತ್ತಿದ್ದರು. ಪ್ಯಾಂಟಿನ ಹಿಂಬದಿಯ ನಡುಹೊಲಿಗೆಯಲ್ಲಿ ದರ್ಜಿಗಳು ಒಂದಿಷ್ಟು ಬಟ್ಟೆ ಒಳಗೆ ಬಿಟ್ಟಿರುತ್ತಾರೆ. ದಪ್ಪಗಾದರೆ ಬಿಡಿಸಲು, ತೆಳ್ಳಗಾದರೆ ಹಿಡಿಯಲು. ಬಿಚ್ಚಿದ ಹಳೇ ಹೊಲಿಗೆಯ ತೂತುಗಳು ಅಲ್ಲೇ ಉಳಿದಿರುತ್ತವೆ. ಬಿಸಿಲು ಕಾಣದ ಬಟ್ಟೆಯ ಬಣ್ಣ ಬೇರೆ, ಸವೆದ ಬಟ್ಟೆಯ ಬಣ್ಣ ಬೇರೆ. ಇಷ್ಟನ್ನು ನೋಡಿಕೊಂಡು, ಆ ಪ್ಯಾಂಟಿನವನ ಮುಖ ನೋಡದೆಯೇ, ಅವನ ಕತೆ ಹೇಳುತ್ತಿದ್ದರು. "ಈ ಮನುಷ್ಯನಿಗೆ ಬಡ್ತಿ ಸಿಕ್ಕಿದೆ ಅಕ್ಕಾ. ಮೊದಲು ಓಡಾಡೋ ಕೆಲಸ, ಈಗ ಕೂತು ಮಾಡೋ ಕೆಲಸ. ಆರು ತಿಂಗಳಲ್ಲಿ ಎರಡು ಬೆರಳು ಸೊಂಟ ಬೆಳೆದಿದೆ. ಬಲಗಡೆ ಜೇಬು ಮಾತ್ರ ತೂತು. ಬೀರುವಿನ ಕೀ ಎಲ್ಲಾ ಇವನ ಹತ್ರಾನೇ ಕೊಟ್ಟಿದಾರೆ." ಪ್ಯಾಂಟಿನವನು ಬಂದಾಗ ವಿಚಾರಿಸಿದರೆ ಮುಕ್ಕಾಲು ಪಾಲು ಸರಿಯಾಗಿರುತ್ತಿತ್ತು. ಉಳಿದ ಕಾಲು ಪಾಲನ್ನು ಅವನೇ ಮುಚ್ಚಿಡುತ್ತಿದ್ದಾನೆ ಎಂದು ಮಾಸ್ಟರ ವಾದ.

ಅಕ್ಕ ಎಂದರೆ ಕಾಜಾ ಅಕ್ಕ. ಬಾಗಿಲ ಬಳಿ ಮೋಟು ಸ್ಟೂಲಿನ ಮೇಲೆ ಕೂತು ಕಾಜಾ, ಅಂದರೆ ಗುಂಡಿಯ ತೂತು, ತೆಗೆಯುವುದು, ಗುಂಡಿ ಹಚ್ಚುವುದು, ಬಂದ ಬಟ್ಟೆಗೆ ನಂಬರಿನ ಚೀಟಿ ಚುಚ್ಚುವುದು ಅವಳ ಕೆಲಸ. ಮಾಸ್ಟರು ನೋಡಿ ಹೇಳಿದ್ದನ್ನು ಅವಳು ಚೀಟಿಯ ಮೇಲೆ ದುಂಡಗೆ ಬರೆಯಬೇಕು: ಒಂದು ಬೆರಳು ಒಳಗೆ, ಅರ್ಧ ಬೆರಳು ಉದ್ದ, ಹೀಗೆ. ಇಪ್ಪತ್ತು ವರ್ಷದಿಂದ ಬರೆದಿದ್ದಾಳೆ. ಮಾತಿನಲ್ಲಿ ಮಾತ್ರ ಮಾಸ್ಟರಿಗೆ ತದ್ವಿರುದ್ಧ. ಅವರು ನೂರು ಹೇಳಿದರೆ ಇವಳದು ಒಂದು ಹೂಂ.

ಈ ಕಾರ್ಯಕ್ರಮ ಬರೀ ತಮಾಷೆಯಾಗಿರಲಿಲ್ಲ. ರಸ್ತೆಯ ತುದಿಯಲ್ಲಿ ಬಸ್ ಡಿಪೋ ಇದೆ. ಅಲ್ಲಿನ ಡ್ರೈವರು ಕಂಡಕ್ಟರುಗಳ ಬೂದು ಪ್ಯಾಂಟುಗಳೆಲ್ಲ ರಿಪೇರಿಗೆ ಇಲ್ಲಿಗೇ ಬರುತ್ತವೆ. ಒಮ್ಮೆ ಒಬ್ಬ ಡ್ರೈವರನ ಪ್ಯಾಂಟು ಎರಡು ತಿಂಗಳಲ್ಲಿ ಎರಡು ಸಲ ಬಂತು, ಎರಡು ಸಲವೂ ಬಿಗಿ ಮಾಡಲು. ಮಾಸ್ಟರು ಬಟ್ಟೆ ಕೊಡಲಿಲ್ಲ. "ಮೊದಲು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬಾ, ಆಮೇಲೆ ಪ್ಯಾಂಟು," ಎಂದು ಕಳಿಸಿದರು. ಅವನು ಬೈದುಕೊಂಡೇ ಹೋದ. ಸಕ್ಕರೆ ಕಾಯಿಲೆ ಮಿತಿಮೀರಿತ್ತು. ಈಗಲೂ ಆ ಡ್ರೈವರ್ ಅಂಗಡಿ ಮುಂದೆ ಬಸ್ಸಿನ ವೇಗ ಇಳಿಸಿ ಕೈ ಎತ್ತಿಯೇ ಮುಂದೆ ಹೋಗುವುದು.

ಮಾಸ್ಟರಿಗೆ ಸಿಟ್ಟು ಬರಿಸಬೇಕೆಂದರೆ ಒಂದೇ ದಾರಿಯಿತ್ತು. ಹಳೇ ಹೊಲಿಗೆ ಬಿಚ್ಚದೆ ಅದರ ಪಕ್ಕದಲ್ಲೇ ಇನ್ನೊಂದು ಸಾಲು ಓಡಿಸಿದ ಬಟ್ಟೆಯನ್ನು ಅವರ ಮುಂದೆ ಇಡಬೇಕು. ಬೇರೆ ದರ್ಜಿಗಳ ಇಂಥ ಕೆಲಸ ಕಂಡರೆ ಉರಿದುಬೀಳುತ್ತಿದ್ದರು. ಬಿಚ್ಚಬೇಕು, ದಾರದ ಚೂರು ಹೆಕ್ಕಬೇಕು, ಇಸ್ತ್ರಿ ಹಾಕಬೇಕು, ಆಮೇಲೆ ಹೊಲಿಯಬೇಕು. ಇಷ್ಟು ಮಾಡದವನು ಅವರ ಪಾಲಿಗೆ ದರ್ಜಿಯೇ ಅಲ್ಲ.

ಈ ರೇಡಿಯೋ ಯಾವತ್ತು ನಿಂತಿತು ಎಂದು ಕೇಳಿದರೆ ಯಾರಲ್ಲೂ ತಾರೀಖಿಲ್ಲ. ಯಾರೋ ದಿನಕ್ಕಿಷ್ಟು ದಿನಕ್ಕಿಷ್ಟು ತಿರುಪು ಹಿಂದಕ್ಕೆ ತಿರುಗಿಸಿದ ಹಾಗೆ ಆಯಿತು. ಮೊದಲು ಕತೆಗಳು ಚಿಕ್ಕದಾದವು. ಆಮೇಲೆ "ಎರಡು ಬೆರಳು ಒಳಗೆ" ಎಂದಷ್ಟೇ ಆಯಿತು. ಕೊನೆಗೆ ಮಾಸ್ಟರು ಬೆರಳು ತೋರಿಸಿದರೆ ಅಕ್ಕ ಬರೆದುಕೊಳ್ಳುವಲ್ಲಿಗೆ ಬಂತು. ಜನಕ್ಕೆ ಇದು ಕೆಟ್ಟದ್ದಾಗಿ ಕಾಣಲಿಲ್ಲ, ಅದೇ ವಿಚಿತ್ರ. "ಮಾಸ್ಟ್ರು ಈಗ ಎಷ್ಟು ಗಂಭೀರ ಆಗ್ಬಿಟ್ಟಿದಾರೆ," ಎಂದರು. "ವಯಸ್ಸಾದಂಗೆ ತಾಳ್ಮೆ ಬರುತ್ತೆ ನೋಡಿ," ಎಂದರು. ಚಪ್ಪಲಿ ಅಂಗಡಿಯವನ ವ್ಯಾಪಾರ ಸುಧಾರಿಸಿತು. ಅವನ ಹೆಂಡತಿ ಸಿಕ್ಕವರ ಮುಂದೆಲ್ಲ ಮಾಸ್ಟರನ್ನು ಹೊಗಳಿದಳು. ಒಬ್ಬ ಮನುಷ್ಯ ಒಳಗೊಳಗೇ ಕರಗುತ್ತಿದ್ದರೆ ಊರೆಲ್ಲ ಸೇರಿ ಅವನ ಬೆನ್ನು ತಟ್ಟಿತು.

ಮಾಸ್ಟರಿಗೂ ಏನೋ ಸರಿಯಿಲ್ಲ ಎಂಬ ಅನುಮಾನ ಬರದೆ ಇರಲಿಲ್ಲ. ಅವರು ಅದಕ್ಕೆ ತಮಗೆ ತಿಳಿದ ರಿಪೇರಿ ಮಾಡಿಕೊಂಡರು. ಅಂಗಡಿಯಲ್ಲಿ ಬೆಳಕು ಮಂಕಾಗಿದೆ ಅನಿಸಿತು, ಟ್ಯೂಬ್‌ಲೈಟ್ ಬದಲಾಯಿಸಿದರು. ಮಂಕು ಹೋಗಲಿಲ್ಲ. ಇನ್ನೊಂದು ಹಾಕಿಸಿದರು. ಈಗ ಅಂಗಡಿ ಮದುವೆ ಮನೆಯ ಹಾಗೆ ಬೆಳಗುತ್ತಿತ್ತು, ಅವರಿಗೆ ಮಾತ್ರ ಮಂಕು. ಕಣ್ಣಿನದೇ ತೊಂದರೆ ಇರಬೇಕೆಂದು ಕನ್ನಡಕ ಬದಲಾಯಿಸಿದರು. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗಿ, ಮತ್ತೆ ನಿದ್ದೆ ಹತ್ತದೆ, ಎದ್ದಾಗ ಮೈಯೆಲ್ಲ ಮೂಟೆ ಹೊತ್ತು ಬಂದಂತಿರುತ್ತಿತ್ತು. ಔಷಧದಂಗಡಿಯವನು ಶಕ್ತಿಗೆಂದು ಟಾನಿಕ್ ಕೊಟ್ಟ. ಮೂರು ಬಾಟಲಿ ಮುಗಿಯಿತು, ಶಕ್ತಿ ಎಲ್ಲಿ ಹೋಯಿತೋ ಆ ಔಷಧದಂಗಡಿಯವನೇ ಬಲ್ಲ. ಊಟ ಸಪ್ಪೆ ಎನಿಸಿ "ಉಪ್ಪು ಕಡಿಮೆ" ಎಂದರು. ಹೆಂಡತಿ ಹಾಕಿದಳು. ಮರುದಿನವೂ ಕಡಿಮೆ ಎಂದರು, ಮತ್ತೆ ಹಾಕಿದಳು. ಹೀಗೇ ಹಾಕುತ್ತ ಹಾಕುತ್ತ ಒಂದು ದಿನ ಆಕೆಗೇ ತುತ್ತು ಬಾಯಿಗಿಡಲು ಆಗಲಿಲ್ಲ. ಆವತ್ತಿನಿಂದ ಮಾಸ್ಟರು ಉಪ್ಪಿನ ಮಾತೆತ್ತಲಿಲ್ಲ. ಹಾಕಿದಷ್ಟು ತಿಂದು, ಮಿಕ್ಕದ್ದನ್ನು ತಟ್ಟೆಯ ಅಂಚಿಗೆ ಸರಿಸಿ ಎದ್ದುಬಿಡುತ್ತಿದ್ದರು. ಪ್ಯಾಂಟು ಸಡಿಲವಾಯಿತು. ರಜೆಯ ದಿನ ಮನೆಯಲ್ಲಿ ಕಿಟಕಿಯ ಪಕ್ಕದ ಹಳೇ ಮೆಶಿನ್ನಿಗೆ ಕೂತು ಬಿಗಿ ಮಾಡಿಕೊಂಡರು. ಐದು ನಿಮಿಷದ ಕೆಲಸ. ಮತ್ತೆ ಸಡಿಲವಾದಾಗ ಮತ್ತೆ ಬಿಗಿ ಮಾಡಿಕೊಂಡರು. ಅದನ್ನೆಲ್ಲ ಯಾರು ಲೆಕ್ಕ ಇಡುತ್ತಾರೆ.

ಮಗಳ ಫೋನು ವಾರಕ್ಕೊಮ್ಮೆ ಬರುತ್ತಿತ್ತು. ಅವಳು ಚಿಕ್ಕವಳಿದ್ದಾಗ ಅಪ್ಪ ಮಗಳ ನಡುವೆ ಒಂದು ಗುಟ್ಟಿತ್ತು. ಮಾಸ್ಟರು ತಮ್ಮ ಪ್ಯಾಂಟುಗಳನ್ನು ಡಿಪೋ ಬಟ್ಟೆಯ ಮಿಕ್ಕ ತುಂಡುಗಳಲ್ಲೇ ಹೊಲಿದುಕೊಳ್ಳುತ್ತಿದ್ದರು. ಆದರೆ ಜೇಬಿನ ಚೀಲಕ್ಕೆ ಅವಳ ಫ್ರಾಕಿನಲ್ಲಿ ಉಳಿದ ಬಟ್ಟೆ ಹಾಕುತ್ತಿದ್ದರು. ಹಳದಿ ಬಟ್ಟೆಯ ಮೇಲೆ ಸಣ್ಣ ಸಣ್ಣ ಕೆಂಪು ಕೊಡೆಗಳು. ಹೊರಗಿಂದ ನೋಡಿದರೆ ಗಂಟುಮುಖದ ಬೂದು ಪ್ಯಾಂಟು, ಜೇಬು ಹೊರಗೆಳೆದರೆ ಕೊಡೆಗಳ ಸಂತೆ. ಎಷ್ಟು ಸಲ ಎಳೆದು ತೋರಿಸಿದರೂ ಆ ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು. ಫ್ರಾಕು ಹಳತಾದಮೇಲೂ ಆ ಬಟ್ಟೆಯ ತುಂಡುಗಳನ್ನು ಅವರು ಕಟ್ಟಿಟ್ಟುಕೊಂಡು ವರ್ಷಗಟ್ಟಲೆ ಜೇಬಿಗೆ ಹಾಕಿದರು. ಈಗ ಮಗಳು ಫೋನು ಮಾಡಿದರೆ "ಚೆನ್ನಾಗಿದೀಯಾ ಮಗಳೇ? ತಡಿ, ಅಮ್ಮನಿಗೆ ಕೊಡ್ತೀನಿ," ಎನ್ನುತ್ತಿದ್ದರು. ಕಾಲೇಜಿಗೇ ಮೊದಲು ಬಂದೆ ಎಂದು ಅವಳು ಹೇಳಿದ ದಿನವೂ "ಸಂತೋಷ" ಎಂದರು. ಹೇಳಿಯಾದಮೇಲೆ ಸಂತೋಷಕ್ಕಾಗಿ ಸ್ವಲ್ಪ ಹೊತ್ತು ಕಾದರು, ಬಸ್ಸಿಗೆ ಕಾದ ಹಾಗೆ. ಬರಲಿಲ್ಲ. ಸ್ವಂತ ಮಗಳ ಗೆಲುವಿಗೂ ಕರಗದ ತಾನೆಂಥ ಕಲ್ಲುಮನುಷ್ಯ ಎಂದು ತಮ್ಮ ಮೇಲೇ ಅಸಹ್ಯಪಟ್ಟುಕೊಂಡರು.

ಕೊನೆಗೆ ಅವರು ತಮ್ಮ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿದ್ದರು: ತಾನು ಮೈಗಳ್ಳನಾಗಿದ್ದೇನೆ. ಐವತ್ತಮೂರರ ವಯಸ್ಸಿಗೆ ಸೋಮಾರಿತನ ಅಂಟಿಕೊಂಡಿದೆ. ಎರಡು ದಿನದ ಕೆಲಸಕ್ಕೆ ಎಂಟು ದಿನ ಹಿಡಿಯುತ್ತಿದೆ, ಜನ ಪಾಪ ಮರ್ಯಾದೆಗೆ ಸುಮ್ಮನಿದ್ದಾರೆ. ಇಂಥವನು ಅಂಗಡಿ ತೆರೆದು ಕೂರುವುದು ಜನಕ್ಕೆ ಮಾಡುವ ಮೋಸ. ಬೀಗದ ಕೈ ಕೊಟ್ಟು ಕೈ ತೊಳೆದುಕೊಳ್ಳುವುದೇ ಸರಿ. ಇಷ್ಟನ್ನು ಅವರು ಹೆಂಡತಿಗೆ ಹೇಳಲಿಲ್ಲ. ಇದು ಕಾಯಿಲೆಯ ಮಾತಲ್ಲ, ನಾಚಿಕೆಯ ಮಾತು. ನಾಚಿಕೆಯನ್ನು ಹಿಡಿದುಕೊಂಡು ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ?

ತಿಂಗಳ ಕೊನೆಯ ದಿನ ಬಂತು. ಅಕ್ಕ ಎಂದಿನಂತೆ ಒಂಬತ್ತಕ್ಕೆ ಬಂದು ಸ್ಟೂಲಿನ ಮೇಲೆ ಕೂತಳು. ನಾಳೆಯಿಂದ ಅವಳೇನು ಮಾಡುತ್ತಾಳೆ ಎಂಬುದು ಮಾಸ್ಟರಿಗೆ ಆ ತಿಂಗಳಿಡೀ ಹೊಳೆದಿರಲಿಲ್ಲ. ಅದು ಹೊಳೆದದ್ದು ಅಂದು ಬೆಳಗ್ಗೆ, ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಾಗ. ಕೇಳಬೇಕು ಅಂದುಕೊಂಡರು. ಕೇಳಿದರೆ ಮಾತು ಬೆಳೆಯುತ್ತದೆ, ಬೆಳೆದದ್ದನ್ನು ಹೊರಲು ಈಗ ಆಗದು ಎಂದು ಕತ್ತರಿ ಎತ್ತಿಕೊಂಡರು.

ಮಾಸ್ಟರ ಲೆಕ್ಕಕ್ಕೆ ಬಾಕಿ ಇದ್ದದ್ದು ಡಿಪೋದ ಏಳು ಪ್ಯಾಂಟುಗಳು. ಎಲ್ಲ ಬೂದು, ಎಲ್ಲ ಒಂದೇ ಥರ. ಮಧ್ಯಾಹ್ನ ಮೂರರ ಹೊತ್ತಿಗೆ ಆರು ಮುಗಿದವು. ಏಳನೆಯದನ್ನು ಅಕ್ಕ ತಾನೇ ಎದ್ದು ಬಂದು, ಒಳಮೈ ಹೊರಗೆ ಮಾಡಿ, ನಡುಹೊಲಿಗೆ ಮೇಲೆ ಬರುವ ಹಾಗೆ ಮೇಜಿನ ಮೇಲೆ ಹಾಸಿದಳು. ಚೀಟಿಯಲ್ಲಿ ನಲವತ್ತೊಂದು ಎಂಬ ನಂಬರ್ ಬಿಟ್ಟು ಏನೂ ಇರಲಿಲ್ಲ.

"ಏನ್ ಮಾಡ್ಬೇಕಂತೆ?"

"ಹೇಳಿಲ್ಲ. ನೀವೇ ನೋಡಿ ಹೇಳ್ಬೇಕಂತೆ."

ಮಾಸ್ಟರು ಬೆರಳೆತ್ತಿ ತೋರಿಸಲು ಹೋದರು. ಅಕ್ಕ ಬರೆದುಕೊಳ್ಳಲಿಲ್ಲ.

"ಕೊನೇ ದಿನ ಮಾಸ್ಟ್ರೇ," ಎಂದಳು. "ಒಂದ್ಸಲ ಹಳೇ ಥರ ಹೇಳಿ. ಯಾರಿವನು, ಏನ್ ಕತೆ ಇವಂದು."

ಮಾಸ್ಟರಿಗೆ ಮನಸ್ಸಿರಲಿಲ್ಲ. ಆದರೆ ಇಪ್ಪತ್ತು ವರ್ಷದಲ್ಲಿ ಈ ಹೆಂಗಸು ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಕನ್ನಡಕ ಮೇಲೇರಿಸಿ, ದೀಪ ಎಳೆದುಕೊಂಡು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು.

"ಯಾವ ಅವಿವೇಕಿ ಹೊಲಿದಿದ್ದು ಇದನ್ನ?"

ಎದುರು ಸಾಲಿನಲ್ಲಿ ಚಪ್ಪಲಿ ಅಂಗಡಿಯವನು ತಲೆ ಎತ್ತಿ ನೋಡಿದ. ಈ ದನಿ ಕೇಳಿ ಅವನಿಗೆ ಎಷ್ಟು ಕಾಲವಾಗಿತ್ತೋ.

"ಬಿಚ್ಚೇ ಇಲ್ಲ ಅಕ್ಕಾ. ನೋಡಿಲ್ಲಿ. ಮೂಲ ಹೊಲಿಗೆ ಹಾಗೇ ಇದೆ, ಅದರ ಪಕ್ಕ ಒಂದು, ಎರಡು, ಮೂರು, ನಾಲ್ಕು ಸಾಲು. ಸೊಂಟಪಟ್ಟಿನೂ ಬಿಚ್ಚಿಲ್ಲ, ಅದರ ಮೇಲೇ ಓಡಿಸಿದಾನೆ. ಇವನ ಕೈಗೆ ಬಟ್ಟೆ ಕೊಟ್ಟವರಿಗೆ ಬುದ್ಧಿ ಬೇಡ್ವಾ?"

"ಬರ್ಕೊಳ್ಲಾ?"

"ಬರ್ಕೋ. ಮೂಲ ಹೊಲಿಗೆ ಹಾಕಿದವನು ಕೆಲಸ ಗೊತ್ತಿರೋ ಮನುಷ್ಯ, ಅವನೇ ಬೇರೆ. ಮೊದಲನೇ ಸಾಲು ಪರವಾಗಿಲ್ಲ. ಬಿಚ್ಚದೆ ಹೊಲಿದಿದಾನೆ, ಆದ್ರೂ ನೆಟ್ಟಗಿದೆ. ಎರಡನೇದು ಉದ್ದ ಉದ್ದ ಹೊಲಿಗೆ, ಮುಗಿದ್ರೆ ಸಾಕು ಅಂತ. ಮೂರನೇದಕ್ಕೆ ಬೂದು ಬಟ್ಟೆ ಮೇಲೆ ಕಪ್ಪು ದಾರ. ಮೆಶಿನ್ನಲ್ಲಿ ಇದ್ದ ದಾರ ತೆಗೆದು ಬೇರೆ ಹಾಕೋಕೂ ಕೈ ಏಳ್ಲಿಲ್ಲ ಅವನಿಗೆ. ನಾಲ್ಕನೇದು ಹಾವು ಹೋದ ಹಾಗಿದೆ. ಕೊನೇಲಿ ಗಂಟೂ ಹಾಕಿಲ್ಲ."

ದನಿ ನಿಧಾನವಾಗಿ ಇಳಿಯಿತು. ಸಿಟ್ಟಿನ ಜಾಗಕ್ಕೆ ಹಳೆಯ ಕುತೂಹಲ ಬಂದು ಕೂತಿತ್ತು. ಬೆರಳಿನಿಂದ ಸಾಲುಗಳ ನಡುವಿನ ಜಾಗವನ್ನು ಅಳೆದರು. ಒಂದೊಂದು ಸಾಲಿಗೆ ಅರ್ಧ ಬೆರಳು, ಬಟ್ಟೆಯ ಎರಡೂ ಪದರ ಸೇರಿ ಒಂದು ಬೆರಳು.

"ಸೊಂಟ ನಾಲ್ಕು ಬೆರಳು ಇಳಿದಿದೆ. ಬಟ್ಟೆ ಸವೆದಿರೋದು ನೋಡಿದ್ರೆ ಒಂದೊಂದು ಸಾಲಿಗೆ ಐದಾರು ತಿಂಗಳು. ಎರಡು ವರ್ಷ ಹಿಡಿದಿದೆ."

"ಸಕ್ಕರೆ ಕಾಯಿಲೆನಾ?"

"ಅಲ್ಲ. ಅದಾದ್ರೆ ಬೇಗ ಇಳಿಯುತ್ತೆ." ಪ್ಯಾಂಟಿನ ಒಂದು ಕಾಲನ್ನು ಸರಿಮಗ್ಗುಲಿಗೆ ತಿರುಗಿಸಿ ಬೆಳಕಿಗೆ ಹಿಡಿದರು. "ತೊಡೆ ಮೇಲೆ ಹೊಳಪು ಬಂದಿದೆ ನೋಡು, ಅಂಗೈ ಅಗಲಕ್ಕೆ. ಇಲ್ಲಿ ಕೈ ಇಟ್ಕೊಂಡು ಕೂತಿರ್ತಾನೆ. ಡ್ರೈವರ್ ಅಲ್ಲ ಇವನು, ಸ್ಟೇರಿಂಗ್ ಹಿಡಿಯೋನಿಗೆ ತೊಡೆ ಮೇಲೆ ಕೈ ಎಲ್ಲಿರುತ್ತೆ? ಗಂಟೆಗಟ್ಟಲೆ ಸುಮ್ನೆ ಕೂತಿರ್ತಾನೆ. ನೋವಿದ್ದವನು ಮಗ್ಗುಲು ಬದಲಾಯಿಸ್ತಾನೆ, ಇವನು ಅದೂ ಇಲ್ಲ." ಸೊಂಟಪಟ್ಟಿಯ ಮೇಲೆ ಬೆರಳಾಡಿಸಿ, "ಬೆಲ್ಟ್ ಹಾಕಿದ ಗುರುತೂ ಇಲ್ಲ. ಬೀಳದೆ ನಿಂತ್ರೆ ಸಾಕು ಅಂತ ಬದುಕ್ತಿದಾನೆ, ಪಾಪ," ಎಂದರು.

ಅಕ್ಕ ಬರೆಯುತ್ತಿದ್ದಳು. ಚೀಟಿಯ ಒಂದು ಬದಿ ತುಂಬಿ ಇನ್ನೊಂದು ಬದಿಗೆ ತಿರುಗಿಸಿದಳು.

"ಇವನ ಮನೇಲಿ ಯಾರೂ ನೋಡಿಲ್ವಾ ಇದನ್ನ?"

"ನೋಡಿದಾರೆ. ಡಾಕ್ಟರ ಹತ್ರ ಹೋಗೋಣ ಅಂತ ಹೇಳಿದಾರಂತೆ. ಕೇಳಲ್ವಂತೆ."

"ಕತ್ತೆ," ಎಂದರು ಮಾಸ್ಟರು. "ಬರಿ. ಪ್ಯಾಂಟು ಹೊಲಿಯೋಕಾಗಲ್ಲ. ಹೊಲಿದವನಿಗೂ ಹುಷಾರಿಲ್ಲ, ಹಾಕ್ಕೊಂಡವನಿಗೂ ಹುಷಾರಿಲ್ಲ. ಮೊದಲು ಡಾಕ್ಟರ ಹತ್ರ ಕಳ್ಸಿ, ಆಮೇಲೆ ತನ್ನಿ."

ಹೇಳಿ ಮುಗಿಸಿ, ಪ್ಯಾಂಟನ್ನು ಮಡಿಸಿಡುವ ಮುಂಚೆ ಜೇಬು ಹೊರಗೆಳೆದು ನೋಡಿದರು. ಯಾರದೇ ಬಟ್ಟೆಯಾಗಲಿ, ಜೇಬಿನಲ್ಲಿ ಏನೂ ಉಳಿದಿಲ್ಲ ಎಂದು ನೋಡಿಯೇ ಮಡಿಸುವುದು ಅವರ ಪದ್ಧತಿ. ಬಟ್ಟೆಯ ಹಿಂಬದಿ ಮೇಲಾಗಿ ಅಷ್ಟು ಹೊತ್ತೂ ಬಿಳಿಚಿಕೊಂಡು ಕಾಣುತ್ತಿದ್ದ ಜೇಬಿನ ಚೀಲ ಮಗುಚಿಕೊಂಡು ಹೊರಗೆ ಬಂತು. ಹಳದಿ. ಅದರ ತುಂಬ ಸಣ್ಣ ಸಣ್ಣ ಕೆಂಪು ಕೊಡೆಗಳು.

ಮಾಸ್ಟರು ಅದನ್ನು ಹಿಡಿದುಕೊಂಡೇ ನಿಂತರು. ಆಮೇಲೆ ತಾವು ತೊಟ್ಟಿದ್ದ ಪ್ಯಾಂಟಿನ ಕಡೆ ನೋಡಿಕೊಂಡರು, ಅದೂ ಬೂದು. ಅದರ ತೊಡೆಯ ಮೇಲೂ ಅಂಗೈ ಅಗಲದ ಹೊಳಪಿತ್ತು. ಮೊದಲು ಅವರಿಗೆ ಆದದ್ದು ನಾಚಿಕೆ. ಅಂಥ ಹೊಲಿಗೆ ತನ್ನ ಕೈಯಿಂದ ಬಂದಿತಲ್ಲ ಎಂದು. ಅದರ ಹಿಂದೆಯೇ ಭಯವಾಯಿತು. ಎರಡು ವರ್ಷ. ಯಾರದೋ ಎರಡು ವರ್ಷವನ್ನು ಒಂದು ನೋಟಕ್ಕೆ ಹೇಳಿದ ಮನುಷ್ಯ ತನ್ನದೇ ಎರಡು ವರ್ಷದೊಳಗೆ ಕೂತು ‘ನನಗೇನಾಗಿದೆ’ ಎನ್ನುತ್ತಿದ್ದ. ನಲವತ್ತೊಂದನೇ ನಂಬರಿನವನನ್ನು ಪಾಪ ಅಂದಿದ್ದರು. ತಮ್ಮನ್ನು ಒಂದು ದಿನವೂ ಹಾಗೆ ಅಂದುಕೊಂಡಿರಲಿಲ್ಲ. ಮೈಗಳ್ಳ ಎಂದೇ ಬೈದುಕೊಂಡಿದ್ದರು. ಕುರ್ಚಿ ಎಳೆದುಕೊಂಡು ಕೂತರು.

"ಯಾರು ತಂದುಕೊಟ್ಟಿದ್ದು?" ಎಂದು ಕೇಳಿದರು, ಗೊತ್ತಿದ್ದರೂ.

"ನಿಮ್ಮನೆ ಅಕ್ಕಾವ್ರು. ಒಗೆದು ಉಲ್ಟಾ ಒಣಗಿ ಹಾಕುವಾಗ ನೋಡಿದ್ರಂತೆ." ಅಕ್ಕ ಚೀಟಿಯನ್ನು ಮೇಜಿನ ಮೇಲಿಟ್ಟಳು. "ನಮ್ಮ ಮಾತು ಕೇಳಲ್ಲ, ಹೊಲಿಗೆ ಮಾತಾದ್ರೂ ಕೇಳ್ತಾರೇನೋ ಅಂದ್ರು."

ಚೀಟಿಯಲ್ಲಿ ಅವರದೇ ಮಾತು, ಅಕ್ಕನ ದುಂಡನೆಯ ಅಕ್ಷರದಲ್ಲಿ. ‘ಕತ್ತೆ’ಯನ್ನೂ ಬಿಟ್ಟಿರಲಿಲ್ಲ. ಮಾಸ್ಟರು ಎರಡೂ ಬದಿ ಓದಿದರು. ಇನ್ನೊಮ್ಮೆ ಓದಿದರು.

"ನಾಳೆಯಿಂದ ನೀನೇನ್ ಮಾಡ್ತೀಯ ಅಕ್ಕಾ?" ಎಂದು ಕೇಳಿದರು.

"ನೀವ್ ಹೇಳಿ," ಎಂದಳು ಅಕ್ಕ, ಸೂಜಿಯಿಂದ ಕಣ್ಣೆತ್ತದೆ.

ಐದಕ್ಕೆ ಸರಿಯಾಗಿ ಮಾಲೀಕ ಬಂದ. ಹಿಂದೆಯೇ ಮೊಬೈಲ್ ರಿಪೇರಿಯವನು ಗಾಜಿನ ಪೆಟ್ಟಿಗೆಯ ಒಂದು ತುದಿ ಹಿಡಿದು ನಿಂತಿದ್ದ. ಬೀಗದ ಕೈ ಮಾಸ್ಟರ ಮುಂದೆ ಮೇಜಿನ ಮೇಲೇ ಇತ್ತು. ಅದರ ಪಕ್ಕ ಪ್ಯಾಂಟು.

"ಎಲ್ಲಾ ಆಯ್ತಾ ಮಾಸ್ಟ್ರೇ?"

"ಇವತ್ತಾಗಲ್ಲ," ಎಂದರು ಮಾಸ್ಟರು. "ಒಂದು ರಿಪೇರಿ ಬಾಕಿ ಇದೆ."

"ಒಂದು ತಾನೇ. ಮನೆಗೆ ತಗೊಂಡು ಹೋಗಿ ಮಾಡಿ. ಯಾರದು ಅಷ್ಟು ಅರ್ಜೆಂಟು?"

ಮಾಸ್ಟರು ಮಾಲೀಕನ ಮುಖ ನೋಡಿದರು. ಹೇಳುವುದು ಕಷ್ಟವಾಯಿತು, ಆದರೂ ಹೇಳಿದರು.

"ನಂದು."

ಮಾಲೀಕನಿಗೆ ತಲೆಬುಡ ಅರ್ಥವಾಗಲಿಲ್ಲ. ಮೊಬೈಲಿನವನಿಗೆ ಪೆಟ್ಟಿಗೆ ಭಾರವಾಗುತ್ತಿತ್ತು. ಇಳಿಸಬೇಕೋ ಎತ್ತಬೇಕೋ ತಿಳಿಯದೆ ಒಬ್ಬೊಬ್ಬರ ಮುಖ ನೋಡಿದ. ಅಷ್ಟರಲ್ಲಿ ಹೆಂಡತಿ ಅಂಚೆ ಕಚೇರಿಯಿಂದ ನೇರವಾಗಿ ಬಂದಳು. ಮೇಜಿನ ಮೇಲೆ ಹಳದಿ ಜೇಬು ಹೊರಗೆ ಬಿದ್ದಿರುವುದನ್ನು ನೋಡಿ, ಬೀಗದ ಕೈಯನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. "ಮುಂದಿನ ತಿಂಗಳು ಮಾತಾಡೋಣ ಬಿಡಿ," ಎಂದು ಮಾಲೀಕನಿಗೆ ಹೇಳಿದಳು. ಅಂಚೆ ಕೌಂಟರಿನಲ್ಲಿ ಕೂತು ಅಭ್ಯಾಸವಾದ ದನಿ. ಎದುರಿನವರು ಸಾಲಿನಿಂದ ಸರಿಯಲೇಬೇಕು.

ಡಾಕ್ಟರರ ಚೀಟಿಯನ್ನು ಆಕೆ ಬೆಳಗ್ಗೆಯೇ ಮಾಡಿಸಿಟ್ಟಿದ್ದಳು. ಕ್ಲಿನಿಕ್ಕು ಎರಡು ರಸ್ತೆ ದಾಟಿದರೆ ಸಿಗುತ್ತದೆ. ಇಬ್ಬರೂ ನಡೆದೇ ಹೋದರು.

"ಅಲ್ಲಿ ಏನಂತ ಹೇಳ್ಲಿ?" ಎಂದು ದಾರಿಯಲ್ಲಿ ಕೇಳಿದರು ಮಾಸ್ಟರು. "ಏನೂ ಆಗಿಲ್ಲ ಅಂತ್ಲೇ ಬಾಯಿಗೆ ಬರುತ್ತೆ ನಂಗೆ."

"ಬಂದಷ್ಟು ಹೇಳಿ. ಮಿಕ್ಕಿದ್ದು ನಾನಿದೀನಲ್ಲ."

ಡಾಕ್ಟರು ನಡುವಯಸ್ಸಿನ ಹೆಂಗಸು. ನಿದ್ದೆ ಹೇಗೆ, ಊಟ ಹೇಗೆ ಎಂದೆಲ್ಲ ಕೇಳಿದರು. ಮಾಸ್ಟರು ಒಂದೊಂದೇ ಮಾತಿನ ಉತ್ತರ ಕೊಟ್ಟರು. ಪಕ್ಕದಲ್ಲಿ ಕೂತ ಹೆಂಡತಿ ಎರಡು ಸಲ ಬಾಯಿ ತೆರೆದು, ಎರಡು ಸಲವೂ ತಡೆದುಕೊಂಡಳು.

"ಹೀಗೆ ಯಾವಾಗಿನಿಂದ?" ಎಂದು ಕೇಳಿದರು ಡಾಕ್ಟರು.

ತಾರೀಖಿಲ್ಲ, ಕಾರಣವಿಲ್ಲ, ಇಂಥ ದಿನ ಹೀಗಾಯಿತು ಎನ್ನಲು ಒಂದು ಗುರುತೂ ಇಲ್ಲ. ಮಾಸ್ಟರು ತಂದಿದ್ದ ಚೀಲದಿಂದ ಪ್ಯಾಂಟನ್ನು ತೆಗೆದು, ಒಳಮೈ ಹೊರಗೆ ಮಾಡಿ, ಡಾಕ್ಟರರ ಮೇಜಿನ ಮೇಲೆ ಕಾಗದಪತ್ರಗಳನ್ನು ಸರಿಸಿ ಹಾಸಿದರು. ಸುಕ್ಕನ್ನು ಅಂಗೈಯಿಂದ ತೀಡಿದರು. ಆಮೇಲೆ ಮೂಲ ಹೊಲಿಗೆಯನ್ನು ಬಿಟ್ಟು ಅದರ ಪಕ್ಕದ ಮೊದಲನೇ ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲಿಂದ," ಎಂದರು.

ಡಾಕ್ಟರು ಪೆನ್ನು ಕೆಳಗಿಟ್ಟು, ನೋಡಲು ಬಗ್ಗಿದರು.